ಎಲೆ ಮುಗಿದ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರು ನಿಂತದ್ದಕ್ಕೆ ಕಾರಣ ನಾನು. ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಒಳಗಿಟ್ಟುಕೊಂಡು ಆಮೇಲೆ ಬಿಚ್ಚುವ ಚಾಲಾಕಿ ನನಗೆ ಬರುವುದಿಲ್ಲ. ಶಾಲೆಗೆ ನಾನು ಹೋದದ್ದು ನಾಲ್ಕನೇ ಕ್ಲಾಸಿನವರೆಗೆ, ಹಾಗಾಗಿ ಯಂತ್ರದ ಒಳಗಿನ ಸಂಗತಿಯನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ನಾಚಿಕೆಯ ಸಂಗತಿ ಬರೆಯಲಿಕ್ಕೆ ನಾಲ್ಕನೇ ಕ್ಲಾಸು ಸಾಕು.

ತೆಕ್ಕಟ್ಟೆಯಿಂದ ಒಳಗೆ ಹೋಗುವ ರಸ್ತೆಯಲ್ಲಿ ನಮ್ಮದು ಎರಡು ಮನೆ. ಮೊದಲು ಒಂದೇ ಇತ್ತು. ನನ್ನ ಗಂಡನೂ ಮೈದುನನೂ ಪಾಲಾದ ಮೇಲೆ ನಡುವೆ ಕೆಂಪುಕಲ್ಲಿನ ಗೋಡೆ ಎದ್ದಿತು. ಈಚೆ ನಾವು, ಆಚೆ ನನ್ನ ಓರಗಿತ್ತಿ. ಗಂಡಸರಿಬ್ಬರೂ ಹೋದರು, ಗೋಡೆ ಗಟ್ಟಿಯಾಗಿಯೇ ಇದೆ. ಅಡುಗೆಯ ವೃತ್ತಿ ಮಾತ್ರ ಪಾಲಾಗಲಿಲ್ಲ. ನನ್ನ ಮಗನೂ ಅವಳ ಮಗನೂ ಈಗಲೂ ಒಟ್ಟಿಗೇ ಅಡುಗೆ ವಹಿಸಿಕೊಳ್ಳುತ್ತಾರೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಮದುವೆ, ಉಪನಯನ, ಗೃಹಪ್ರವೇಶ, ಶ್ರಾದ್ಧ, ಯಾವುದಿದ್ದರೂ ನಮ್ಮವರ ಸೌಟು ಹೋಗುತ್ತದೆ.

ಯಾರ ಮನೆಗೆ ಯಾವ ದಿನ ಎಷ್ಟು ಎಲೆಯ ಅಡುಗೆ, ಯಾವ ಅಡುಗೆಯವರು ಹೋಗಬೇಕು ಎಂಬುದನ್ನು ನೋಡಿಕೊಳ್ಳುವವರು ಸೊಸೆಯಂದಿರು. ನನ್ನ ಸೊಸೆ ಮಾತಿನಲ್ಲಿ ಚುರುಕು. ಆಚೆ ಮನೆಯ ಸೊಸೆ ಕುಂದಾಪುರದಲ್ಲಿ ಕಂಪ್ಯೂಟರು ಕಲಿತವಳು, ಮಾತು ಕಡಿಮೆ. ನಮ್ಮ ಚಾವಡಿಯ ಪಕ್ಕದ ಕೋಣೆಯಲ್ಲಿ ಒಂದು ಯಂತ್ರ ಇಟ್ಟು, ಅದರೊಳಗೆ ಎಲ್ಲ ಏರ್ಪಾಡು ಮಾಡಿದವಳು ಅವಳೇ. ಅದನ್ನು ಅವರು ಸರ್ವರ್ ಎನ್ನುತ್ತಾರೆ. ಹಗಲು ರಾತ್ರಿ ಆರಿಸುವುದಿಲ್ಲ. ಆರ್ಡರು ಬಂದಾಗ ಇವರು ಮೊಬೈಲಿನಲ್ಲಿ ಹಾಕಿದರೆ ಅದು ಆ ಯಂತ್ರದೊಳಗೆ ಹೋಗಿ ಕೂರುತ್ತದೆ, ಅಡುಗೆಯವರು ತಮ್ಮ ತಮ್ಮ ಮೊಬೈಲಿನಲ್ಲಿ ನೋಡಿಕೊಂಡು ಹೊರಡುತ್ತಾರೆ. ನಾನೂ ಓರಗಿತ್ತಿಯೂ ಗೋಡೆಯ ಎರಡು ಕಡೆ ಮುಖ ತಿರುಗಿಸಿಕೊಂಡಿದ್ದರೂ ಸೊಸೆಯಂದಿರು ಅಕ್ಕತಂಗಿಯರ ಹಾಗೆ ಇದ್ದರು. ಅದು ನನಗೆ ಅಷ್ಟೇನೂ ಹಿಡಿಸುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು.

ಆ ಗೋಡೆಗೆ ತಾಗಿ ಒಂದು ತೆಂಗಿನ ಮರ ಇದೆ. ಬುಡ ನಮ್ಮಲ್ಲಿ, ತಲೆ ಅವರ ಹಿತ್ತಿಲ ಮೇಲೆ. ಪಾಲಿನ ದಿನ ಕೂತ ಹಿರಿಯರು, ಬುಡ ಯಾರದ್ದೋ ಕಾಯಿ ಅವರದ್ದು, ಆಚೆ ಬಿದ್ದರೆ ಹೆಕ್ಕಿ ಗೋಡೆಯ ಮೇಲೆ ಇಡಬೇಕು ಎಂದು ಹೇಳಿದ್ದರು. ಓರಗಿತ್ತಿ ಅದರಂತೆ ಇಡುತ್ತಲೂ ಇದ್ದಳು. ಇತ್ತೀಚೆಗೆ ಮಾತ್ರ ಕಾಯಿ ಬಿದ್ದ ಸದ್ದು ಕೇಳುತ್ತಿತ್ತು, ಗೋಡೆಯ ಮೇಲೆ ಕಾಯಿ ಕಾಣುತ್ತಿರಲಿಲ್ಲ. ಕೇಳಬಹುದಿತ್ತು. ಗೋಡೆಯ ಬಳಿ ನಿಂತು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ನಾನು ಸಣ್ಣವಳಾಗುತ್ತೇನೆ ಎಂದು ಕೇಳಲಿಲ್ಲ.

ನಮ್ಮ ಪಾತ್ರೆಯ ಶೆಡ್ಡಿಗೆ ಮಗ ಒಂದು ಕ್ಯಾಮರಾ ಹಾಕಿಸಿದ್ದ. ಹಂಡೆ, ಕೊಪ್ಪರಿಗೆ ಕಳುವಾಗುತ್ತವೆ ಎಂದು. ಅದರ ಎದುರು ಏನಾದರೂ ಅಲುಗಿದರೆ ಸಾಕು, ತನ್ನಷ್ಟಕ್ಕೆ ಚಿತ್ರ ಹಿಡಿದು ಆ ಸರ್ವರಿನೊಳಗೆ ಇಡುತ್ತದೆ. ಶೆಡ್ಡಿನ ಒಳಗೆ ದಿನಕ್ಕೆ ಒಂದೆರಡು ಸಲ ಯಾರೋ ಹೋಗುತ್ತಾರೆ, ಒಂದು ಬೆಕ್ಕು ಓಡಾಡುತ್ತದೆ, ಅಷ್ಟೇ. ಮಳೆ ಹಿಂದೆ ಸರಿದ ಮೇಲೆ ಒಂದು ಮಧ್ಯಾಹ್ನ, ಎಲ್ಲರೂ ಊಟ ಮಾಡಿ ಮಲಗಿದ್ದಾಗ, ನಾನು ಕಾಯಿ ಕೀಳುವ ದೋಟಿ ತಂದು ಅದರ ತುದಿಯಿಂದ ಕ್ಯಾಮರಾದ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿದೆ. ಒಂದು ದಿನ ಜಗಳ ಬಂದೇ ಬರುತ್ತದೆ, ಆಗ ಮಗನಿಗೆ ತೆಗೆದು ತೋರಿಸು ಎನ್ನಬಹುದು ಎಂಬುದು ನನ್ನ ಯೋಚನೆ. ಯಾರೂ ಗಮನಿಸಲಿಲ್ಲ. ಹಂಡೆ ಕಳುವಾಗದಿದ್ದರೆ ಕ್ಯಾಮರಾ ನೋಡುವವರು ಯಾರು.

ತೆಂಗಿನ ಗರಿ ಸುಮ್ಮನಿರುವ ವಸ್ತುವಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಸಮುದ್ರದ ಗಾಳಿ ನಮ್ಮಲ್ಲಿ ಯಾವ ದಿನ ಇರುವುದಿಲ್ಲ ಹೇಳಿ. ಗರಿ ಅಲುಗಿದಾಗಲೆಲ್ಲ ಒಂದು ಚಿತ್ರ. ಬೆಳಿಗ್ಗೆಯಿಂದ ಬೈಗಿನವರೆಗೆ, ತಿಂಗಳುಗಟ್ಟಲೆ.

ಇನ್ನು ಶಂಕರನಾರಾಯಣ ಊರಿನ ಒಂದು ಮನೆಯ ವಿಷಯ. ಅಲ್ಲಿಯ ಒಬ್ಬ ಹೆಂಗಸು, ನನ್ನ ಪ್ರಾಯದವರೇ, ಗಂಡನ ಶ್ರಾದ್ಧಕ್ಕೆ ಪ್ರತಿವರ್ಷ ನಮ್ಮ ಅಡುಗೆಯವರನ್ನೇ ಕರೆಸುತ್ತಾರೆ. ಈ ಸಲ ಹಿಂದಿನ ದಿನವಷ್ಟೇ ಅವರಿಂದ ಆಚೆ ಮನೆ ಸೊಸೆಗೆ ಫೋನು ಬಂತು. ಅಡುಗೆ ಹೇಗಾದರೂ ಮನೆಯಲ್ಲೇ ಮಾಡುವ ಎಂದಿದ್ದರಂತೆ, ಆದರೆ ಸೊಸೆ ಹೊರಗಾಗಿಬಿಟ್ಟಳು, ಮಡಿಯಲ್ಲಿ ಮಾಡುವವರು ಯಾರೂ ಇಲ್ಲ, ಒಬ್ಬರನ್ನಾದರೂ ಕಳಿಸಿ ಎಂದರು. ಕಳಿಸುತ್ತೇವೆ ಎಂದು ಅವಳು ಮೊಬೈಲಿನಲ್ಲಿ ಹಾಕಿದಳು.

ಮರುದಿನ ಬೆಳಿಗ್ಗೆ ಅಲ್ಲಿಂದ ಫೋನು. ಪುರೋಹಿತರು ಬಂದಾಯಿತು, ಬ್ರಾಹ್ಮಣರು ಬಂದಾಯಿತು, ಅಡುಗೆಯವರು ಎಲ್ಲಿ. ನಮ್ಮ ಅಡುಗೆಯವರೆಲ್ಲ ಯಡ್ತರೆಯ ಒಂದು ಉಪನಯನದಲ್ಲಿದ್ದರು. ನನ್ನ ಮಗನೂ ಓರಗಿತ್ತಿಯ ಮಗನೂ ಅಲ್ಲೇ. ಯಾರ ಮೊಬೈಲಿನಲ್ಲೂ ಶಂಕರನಾರಾಯಣ ಎಂದು ಬಂದಿರಲಿಲ್ಲ. ಶ್ರಾದ್ಧ ಎಂದರೆ ಹೊತ್ತಿಗೆ ಆಗಬೇಕಾದದ್ದು. ಯಡ್ತರೆಯಿಂದ ಒಬ್ಬನನ್ನು ಹೊರಡಿಸಿದರೂ ಅವನು ತಲುಪಿ, ಮಿಂದು, ಮಡಿಯುಟ್ಟು ಒಲೆ ಹೊತ್ತಿಸುವಾಗ ಹೊತ್ತು ಮೀರುತ್ತಿತ್ತು.

ನನ್ನ ಸೊಸೆ ಸರ್ವರಿನ ಎದುರು ಕೂತು ಹುಡುಕಿದಳು. ಹಳೆಯ ಆರ್ಡರುಗಳೆಲ್ಲ ಇದ್ದವು, ಶಂಕರನಾರಾಯಣದ್ದು ಇಲ್ಲ. ಜಾಗ ತುಂಬಿ ಹೋಯಿತೋ ಎಂದು ಅದನ್ನೂ ನೋಡಿದಳು. ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು. ಯಂತ್ರದಲ್ಲಿ ಜಾಗ ಇದೆ, ಹಳೆಯದೆಲ್ಲ ಸರಿಯಿದೆ, ಅಂದ ಮೇಲೆ ಹಾಕಿಯೇ ಇಲ್ಲ ಎಂದಾಯಿತು. ಆಚೆ ಮನೆ ಸೊಸೆಯನ್ನು ಕರೆದಳು.

"ಕಾಣ್, ನೀನೇ ಕಾಣ್. ಎಲ್ಲಿತ್ತ್?"

"ಹಾಕಿದ್ದೆ ಅಕ್ಕ. ಹಾಕದೆ ಹಾಕಿದ್ದೆ ಅಂತ ಎಂತಕ್ಕೆ ಹೇಳ್ಲಿ?"

"ಮರ್ತಿದ್ರೆ ಮರ್ತೆ ಅನ್ನ್. ಮರೂದ್ ಎಲ್ರಿಗೂ ಇತ್ತ್. ಸುಳ್ಳ್ ಎಂತಕ್ಕೆ?"

ಅಷ್ಟರಲ್ಲಿ ಮಗ ಯಡ್ತರೆಯಿಂದ ಫೋನು ಮಾಡಿ ವಿಷಯ ಕೇಳಿದ. ಸೊಸೆ ಇದ್ದದ್ದನ್ನು ಹೇಳಿದಳು. ಅವನು ಶಂಕರನಾರಾಯಣಕ್ಕೆ ಫೋನು ಮಾಡಿ, ಆಚೆ ಮನೆಯ ಹುಡುಗಿ ಹಾಕಲು ಮರೆತಳು, ನಾವು ಸೋತೆವು, ಕ್ಷಮಿಸಬೇಕು ಎಂದುಬಿಟ್ಟ. ವೃತ್ತಿಯ ಮರ್ಯಾದೆ ಉಳಿಸಿಕೊಳ್ಳಲು ಯಾರನ್ನಾದರೂ ಮುಂದೆ ಮಾಡಬೇಕಲ್ಲ, ಅವಳನ್ನು ಮಾಡಿದ.

ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಏನೂ ತಿಳಿದಿರಲಿಲ್ಲ ಎಂಬುದು ನಿಜ. ಆದರೂ ಸುಮ್ಮನಿರಬಹುದಿತ್ತು. ನಾನು ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಆಚೆ ಮನಿಗ್ ಹೋದ್ದ್ ಯಾವ್ದ್ ತಿರ್ಗಿ ಬಂದಿತ್ತ್, ಈಗ ಆರ್ಡರ್ ಬಪ್ಪುಕೆ."

ಆಚೆ ಮನೆ ಸೊಸೆ ನನ್ನ ಕಡೆ ನೋಡಲೂ ಇಲ್ಲ. ಕುರ್ಚಿ ಎಳೆದುಕೊಂಡು ಯಂತ್ರದ ಎದುರು ಕೂತಳು. ನಾನು ಹೋಗಬೇಕಿತ್ತು, ಹೋಗಲಿಲ್ಲ. ಏನಾಗುತ್ತದೆ ನೋಡುವ ಎಂದು ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ಮಂಚದ ಮೇಲೆ ಕೂತೆ.

ಅವಳು ಮೊದಲು ಮಾಡಿದ್ದು ಏನೆಂದರೆ, ಸುಮ್ಮನೆ ಒಂದು ಆರ್ಡರು ಹೊಸದಾಗಿ ಹಾಕಿದ್ದು. ಹಾಕಿದಳು, ಪರದೆ ಸ್ವಲ್ಪ ಹೊತ್ತು ಸುತ್ತಿತು, ಮತ್ತೆ ಖಾಲಿ ಬಂತು. ಹಾಕಿದ್ದು ಎಲ್ಲೂ ಇಲ್ಲ. ನನ್ನ ಸೊಸೆಗೂ ಹಾಕು ಎಂದಳು. ಅವಳದ್ದೂ ಹಾಗೇ ಆಯಿತು. ಆಗ ನನ್ನ ಸೊಸೆಯ ಮುಖದ ಬಣ್ಣ ಬದಲಾದದ್ದನ್ನು ನಾನು ಕಂಡೆ. ಆಮೇಲೆ ಆಚೆ ಮನೆ ಸೊಸೆ ಕಪ್ಪು ಪರದೆಯೊಂದನ್ನು ತೆರೆದು ಅದರಲ್ಲಿ ಏನೋ ಬರೆದು ಕೇಳಿದಳು. ಹೊಸದನ್ನು ಇಡಲು ಜಾಗ ಇಲ್ಲ ಎಂದು ಯಂತ್ರ ಹೇಳಿತು. ಜಾಗ ಎಷ್ಟಿದೆ ಎಂದು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಎಂದು ಅದೇ ಯಂತ್ರ ಹೇಳಿತು. ಇದೆಂಥ ಮಾತು ಎಂದು ನನ್ನ ಸೊಸೆ ಕೇಳಿದಳು. ಅವಳು ಯಂತ್ರದ ಹತ್ತಿರ ಇನ್ನೊಂದು ಲೆಕ್ಕ ಕೇಳಿದಳು. ಅದನ್ನು ಐನೋಡ್ ಎನ್ನುತ್ತಾರಂತೆ. ಆ ಲೆಕ್ಕ ಪೂರ್ತಿ ತುಂಬಿತ್ತು, ಒಂದೂ ಬಾಕಿ ಇರಲಿಲ್ಲ.

"ಅಕ್ಕ, ಹಂಡೆಲಿ ಅನ್ನ ಇತ್ತ್, ಚಪ್ಪರ್ದಲ್ಲಿ ಜಾಗ್ವೂ ಇತ್ತ್. ಎಲೆ ಮುಗ್ದಿತ್. ಎಲೆ ಇಲ್ದೆ ಯಾರಿಗ್ ಬಡ್ಸುದ್?"

ಯಂತ್ರದೊಳಗೆ ಇಡುವ ಒಂದೊಂದಕ್ಕೂ ಒಂದೊಂದು ಎಲೆ ಬೇಕಂತೆ. ದೊಡ್ಡದಿರಲಿ, ಸಣ್ಣದಿರಲಿ, ಎಲೆ ಒಂದೇ. ಪಂಕ್ತಿಯಲ್ಲಿ ಹಾಲು ಕುಡಿಯುವ ಮಗುವನ್ನು ಕೂರಿಸಿ ಅದಕ್ಕೂ ಒಂದು ಎಲೆ ಹಾಕಿದರೆ ಒಂದು ಎಲೆ ಹೋಯಿತಲ್ಲ, ಹಾಗೆ. ಇಷ್ಟು ಎಲೆ ಎಂದು ಮೊದಲೇ ಕೊಯ್ದಿಟ್ಟಿರುತ್ತದೆ, ನಡುವೆ ತೋಟಕ್ಕೆ ಹೋಗಿ ತರುವ ಹಾಗಿಲ್ಲ. ಯಾರೋ ಒಳಗೆ ಸಾಲುಸಾಲಾಗಿ ಶಿಶುಗಳನ್ನು ಕೂರಿಸಿದ್ದಾರೆ ಎಂದು ಅವಳು ಹೇಳಿದಳು. ಇಷ್ಟು ವರ್ಷ ಅಡುಗೆಯ ಮನೆಯಲ್ಲಿ ಬದುಕಿದ ನನಗೆ ಅದು ಒಂದೇ ಸಲಕ್ಕೆ ತಿಳಿಯಿತು. ಯಾರು ಕೂರಿಸಿದ್ದು ಎಂಬುದು ತಿಳಿಯಲಿಲ್ಲ.

ಅವಳು ಒಂದೊಂದೇ ಕೋಣೆ ನೋಡುವ ಹಾಗೆ ಹುಡುಕುತ್ತಾ ಹೋದಳು. ಆರ್ಡರುಗಳ ಕಡೆ ಎಲೆ ಹೆಚ್ಚು ಹೋಗಿರಲಿಲ್ಲ. ಹಳೆಯ ಮದುವೆಗಳ ಫೋಟೋ ಇದ್ದ ಕಡೆಯೂ ಇಲ್ಲ. ಕ್ಯಾಮರಾದ ಹೆಸರಿನ ಕಡೆಗೆ ಹೋಗಿ ಎಣಿಸಲು ಹೇಳಿದರೆ ಯಂತ್ರ ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೊಟ್ಟ ಲೆಕ್ಕ ಲಕ್ಷಗಳಲ್ಲಿತ್ತು. ಒಂದನ್ನು ತೆರೆದಳು. ಬೆಂಕಿಪೆಟ್ಟಿಗೆಯಷ್ಟು ಸಣ್ಣ ಚಿತ್ರ. ತೆಂಗಿನ ಗರಿ. ಇನ್ನೊಂದು, ಗರಿ. ಮತ್ತೊಂದು, ಗರಿಯ ಮೇಲೆ ಕಾಗೆ.

ಕ್ಯಾಮರಾ ಶೆಡ್ಡಿನ ಕಡೆ ಇದ್ದದ್ದಲ್ಲವಾ ಎಂದು ನನ್ನ ಸೊಸೆ ಕೇಳಿದಳು. ನನ್ನ ಕೈಯ ಲೋಟ ತಣ್ಣಗಾಗಿತ್ತು. ಹೇಳುವ ಹೊತ್ತು ಅದು. ಗಾಳಿಗೆ ತಿರುಗಿರಬೇಕು ಎಂದೆ.

ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳದೆಯೇ ಸುಳ್ಳು ಹೇಳಿದೆ. ಆಚೆ ಮನೆ ಸೊಸೆ ಗರಿಯ ಚಿತ್ರಗಳು ಶುರುವಾದದ್ದು ಯಾವಾಗ ಎಂದು ಹಿಂದೆ ಹಿಂದೆ ಹೋದಳು. ಎಲ್ಲಕ್ಕಿಂತ ಹಿಂದಿನದ್ದನ್ನು ತೆರೆದು ದೊಡ್ಡದು ಮಾಡಿದಾಗ ಪರದೆಯ ತುಂಬ ನಾನೇ. ಬಾಯಿ ತೆರೆದುಕೊಂಡು, ಕಣ್ಣು ಕಿರಿದು ಮಾಡಿಕೊಂಡು, ಮೇಲೆ ನೋಡುತ್ತಾ ನಿಂತಿದ್ದೇನೆ. ಎರಡೂ ಕೈಯಲ್ಲಿ ದೋಟಿ.

"ಗಾಳಿ ಕೈಯಲ್ಲಿ ದೋಟಿ ಇತ್ತಲೆ ಅತ್ತೆ," ಎಂದಳು ನನ್ನ ಸೊಸೆ.

ಅಷ್ಟಕ್ಕೇ ಮುಗಿದಿದ್ದರೆ ಕೋಪವೋ ನಗುವೋ ಬಂದು ಹೋಗುತ್ತಿತ್ತು. ಮುಂದಿನವುಗಳಲ್ಲೂ ನಾನಿದ್ದೆ. ಒರಳುಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಇಣುಕುತ್ತಿದ್ದೇನೆ. ಬೇರೆ ಬೇರೆ ಸೀರೆ, ಅದೇ ಗೋಡೆ, ಅದೇ ಕುತ್ತಿಗೆ. ನಾನು ಇಣುಕುವುದು ನನಗೆ ಗೊತ್ತಿತ್ತು, ಇಣುಕುವಾಗ ಹೇಗೆ ಕಾಣುತ್ತೇನೆ ಎಂಬುದು ಗೊತ್ತಿರಲಿಲ್ಲ. ಕೋಳಿಗೂಡಿಗೆ ಬಾಯಿ ಹಾಕುವ ನಾಯಿಯ ಹಾಗೆ ಕಾಣುತ್ತೇನೆ.

ಅದೂ ಹೋಗಲಿ. ಅವಳ ಬೆರಳು ಇನ್ನೂ ಒತ್ತುತ್ತಿತ್ತು, ಆಗ ಓರಗಿತ್ತಿಯ ಚಿತ್ರ ಬಂತು. ಅವರ ಹಿತ್ತಿಲ ಮೆಟ್ಟಿಲಿನ ಮೇಲೆ ಬೆಳಗಿನ ಬಿಸಿಲಿಗೆ ಕೂತಿದ್ದಾಳೆ. ಸೀರೆಯನ್ನು ಮಂಡಿಯ ಮೇಲೆ ಎತ್ತಿ ಕಟ್ಟಿಕೊಂಡು ಬಲಗಾಲನ್ನು ಮಣೆಯ ಮೇಲೆ ಇಟ್ಟು ಬಿಸಿನೀರು ಹೊಯ್ಯುತ್ತಿದ್ದಾಳೆ. ನನ್ನ ಓರಗಿತ್ತಿಗೆ ಆನೆಕಾಲು. ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ಜ್ವರ ಬಂದು ಊದಿದ ಕಾಲು ಮತ್ತೆ ಇಳಿಯಲಿಲ್ಲ. ಎಲ್ಲರಿಗೂ ಗೊತ್ತು, ಆದರೆ ಆ ಕಾಲನ್ನು ಯಾರೂ ನೋಡಿಲ್ಲ. ಒಂದೇ ಮನೆಯಲ್ಲಿ ಇದ್ದಾಗಲೂ ನಾನು ನೋಡಿರಲಿಲ್ಲ. ಎಂಥ ಸೆಕೆಯಲ್ಲೂ ಸೀರೆ ನೆಲಕ್ಕೆ ತಾಗುವ ಹಾಗೆ ಉಡುತ್ತಾಳೆ, ಮದುವೆಮನೆಗಳಲ್ಲಿ ಎಲ್ಲರೂ ಎದ್ದ ಮೇಲೆಯೇ ಏಳುತ್ತಾಳೆ. ಆ ಕಾಲು, ಬೆರಳ ಸಂದಿಗೆ ಅವಳು ಎಣ್ಣೆ ಹಚ್ಚುವುದು, ಬಟ್ಟೆ ಸುತ್ತುವುದು, ಎಲ್ಲವೂ ಒಂದರ ಹಿಂದೆ ಒಂದು. ಬೆಳಿಗ್ಗೆ ಬೆಳಿಗ್ಗೆ. ನಾನು ದೋಟಿಯಿಂದ ತಿರುಗಿಸಿದ್ದಕ್ಕೆ.

"ಇನ್ ಕಾಂಬ್ದ್ ಬ್ಯಾಡ ಅಕ್ಕ," ಎಂದು ಅವಳು ಮುಚ್ಚಿದಳು. ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಾಯಿ ಹೆಕ್ಕಿ ಒಳಗೆ ಒಯ್ದ ಚಿತ್ರ ಅದರಲ್ಲಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಮುಖ ಇರಲಿಲ್ಲ.

ಅವಳು ಅಳಿಸಲು ಶುರು ಮಾಡಿದಳು. ಎಲ್ಲವನ್ನೂ ಒಟ್ಟಿಗೆ ತೆಗೆ ಎಂದರೆ ಯಂತ್ರ ಒಪ್ಪಲಿಲ್ಲ. ಹೆಸರುಗಳ ಸಾಲೇ ಅದಕ್ಕೆ ನುಂಗಲಾರದಷ್ಟು ಉದ್ದವಾಯಿತಂತೆ. ಆಮೇಲೆ ಒಂದೊಂದನ್ನೇ ಹುಡುಕಿ ಹುಡುಕಿ ತೆಗೆ ಎಂದು ಬೇರೆ ರೀತಿಯಲ್ಲಿ ಹೇಳಿದಳು, ಅದು ನಡೆಯಿತು. ಮಧ್ಯಾಹ್ನ ದಾಟುವವರೆಗೂ ತೆಗೆಯುತ್ತಲೇ ಇತ್ತು. ಎಂಜಲೆಲೆ ಎತ್ತಿದ ಹಾಗೆ ಎಲೆಗಳು ಬಿಡುವಾಗುತ್ತಾ ಹೋದವು. ಆಮೇಲೆ ಒಂದು ಆರ್ಡರು ಹಾಕಿ ನೋಡಿದಳು, ಕೂತಿತು. ಕ್ಯಾಮರಾಕ್ಕೆ ಇಷ್ಟೇ ಎಲೆ, ಹಳೆಯದನ್ನು ಎತ್ತಿದರೇ ಹೊಸದಕ್ಕೆ ಎಂದು ಕಟ್ಟು ಹಾಕಿದಳು. ಹಾಕಿದ ಆರ್ಡರು ಕೂರದಿದ್ದರೆ ಮೊಬೈಲು ಕೂಗಿ ಹೇಳುವ ಹಾಗೆಯೂ ಮಾಡಿದಳು. ಆಮೇಲೆ ಎದ್ದು ಚಪ್ಪಲಿ ಹಾಕಿಕೊಂಡಳು.

"ಶಂಕರನಾರಾಯಣದವ್ರ್ ಹತ್ರ ನಾನ್ ಮರ್ತೆ ಅಂತ ಹೇಳಿಯಾಯ್ತಲ್ದಾ ಅಕ್ಕ. ಅದನ್ನ್ ತಿರ್ಗ್ಸಿ ಹೇಳಿ. ಅಷ್ಟ್ ಆಗ್ದೆ ನಾನ್ ಈ ಕೋಣಿಗ್ ಬತ್ತಿಲ್ಲ."

ಆ ಕೆಲಸ ಕಟ್ಟಿದವಳು ಅವಳು. ಬ್ರಹ್ಮಾವರದ ಕಡೆಯ ಒಂದೆರಡು ಆಫೀಸಿನವರು ಕರೆಯುತ್ತಲೇ ಇದ್ದರು, ಅವಳು ಹೋಗಿರಲಿಲ್ಲ. ಸುಳ್ಳಿ, ಮರೆಗುಳಿ ಎಂಬ ಹೆಸರು ಹೊತ್ತು ಈಗ ಹೋದರೆ ಅಡುಗೆಯವರ ಬಾಯಲ್ಲಿ ಅದು ಸೌಟಿನ ಜೊತೆ ಊರೂರು ಸುತ್ತುತ್ತದೆ.

ಬೈಗಿಗೆ ಮಗ ಬಂದ. ಸೊಸೆ ಎಲ್ಲವನ್ನೂ ಹೇಳಿದಳು. ಅವನು ನನ್ನನ್ನು ಬೈಯಲಿಲ್ಲ, ಕೈಕಾಲು ತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ. ಬಂದವನು, ಕಂಪ್ಯೂಟರು ಹಾಳಾಗಿತ್ತು ಎಂದು ಶಂಕರನಾರಾಯಣಕ್ಕೆ ಒಂದು ಫೋನು ಮಾಡಿದರಾಯಿತು ಎಂದ. ನನ್ನ ಹೆಸರು ಎತ್ತಬೇಕಾಗಿಲ್ಲ. ನನಗೆ ಒಳ್ಳೆಯದೆನಿಸಿತು. ಹೌದು ಹೌದು ಹಾಗೇ ಮಾಡು ಎಂದೂ ಅಂದೆ. ತಡೆದವಳು ನನ್ನ ಸೊಸೆ.

"ಅವ್ಳ್ ಮಾಡಿದ್ ಕಂಪ್ಯೂಟರ್ ಹಾಳ್ ಅಂದ್ರೆ ಮತ್ತೂ ಅವ್ಳ್ದೇ ತಪ್ಪಾಯ್ತ್. ನಾನೂ ಅವ್ಳನ್ನ್ ಸುಳ್ಳಿ ಅಂದೆ, ನಾನ್ ಅವ್ಳ್ ಮನಿಗ್ ಹೋಯಿ ತಪ್ಪಾಯ್ತ್ ಅಂತ ಹೇಳ್ತೆ. ನೀವ್ ಎಂತ ಮಾಡ್ತ್ರಿ ಅತ್ತೆ?"

ನಾನು ಏನು ಮಾಡುತ್ತೇನೆ ಎಂದು ಮನೆಯಲ್ಲಿ ಯಾರೂ ಆವರೆಗೆ ಕೇಳಿದ್ದಿಲ್ಲ. ಕೇಳುವವಳು ನಾನು.

ಮರುದಿನ ಮಗನ ವ್ಯಾನು ಹತ್ತಿ ಶಂಕರನಾರಾಯಣಕ್ಕೆ ಹೋದೆ. ದಾರಿಯುದ್ದಕ್ಕೂ ಯಾವ ಮಾತಿನಿಂದ ಶುರು ಮಾಡುವುದು ಎಂದು ಜೋಡಿಸುತ್ತಿದ್ದೆ. ಅಂಗಳದಲ್ಲಿ ಅವರನ್ನು ಕಂಡಾಗ ಜೋಡಿಸಿದ್ದೆಲ್ಲ ಚೆಲ್ಲಿತು. ಅವರ ಬಲಗೈ ಮೊಣಕೈಯವರೆಗೆ ಹಳದಿ ಮುಲಾಮು ಮೆತ್ತಿಕೊಂಡು ಊದಿತ್ತು. ಅಡುಗೆಯವರು ಬಾರದೆ ಅವರೇ ಮಡಿಯುಟ್ಟು ಒಲೆಯ ಮುಂದೆ ಕೂತರಂತೆ. ಬಾಗುವಾಗ ಸೊಂಟ ಹಿಡಿದು, ವಡೆಗೆ ಇಟ್ಟ ಎಣ್ಣೆ ಕೈಯ ಮೇಲೆ ಮಗುಚಿಕೊಂಡಿತು. ಅನ್ನ, ಸಾರು, ಪಾಯಸ ಆಗಿತ್ತು. ವಡೆ ಆಗಲಿಲ್ಲ.

ಕೂಕಣಿ ಎಂದರು. ನಾನು ನಿಂತೇ ಹೇಳಿದೆ. ಆಚೆ ಮನೆ ಹುಡುಗಿ ಮರೆಯಲಿಲ್ಲ, ಆ ಹೊತ್ತಿಗೇ ಹಾಕಿದ್ದಳು, ನಾನು ಕ್ಯಾಮರಾ ತಿರುಗಿಸಿದ್ದರಿಂದ ಯಂತ್ರ ತುಂಬಿ ಅವಳು ಹಾಕಿದ್ದು ಕೂರಲಿಲ್ಲ, ಅವಳು ಮರೆತಳೆಂದು ನಾವು ಹೇಳಿದ್ದು ತಪ್ಪು. ಅವರಿಗೆ ಯಂತ್ರದ ವಿಷಯ ಬೇಕಿರಲಿಲ್ಲ.

"ಎಂತ ಕಾಂಬುಕೆ ತಿರ್ಗ್ಸಿದ್ರಿ?"

ಅದನ್ನು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ತೆಂಗಿನಕಾಯಿ ಎಂದೆ. ಓರಗಿತ್ತಿ ಕಾಯಿ ಹೆಕ್ಕುತ್ತಾಳೋ ಎಂದು ನೋಡಲು ಎಂದೆ. ಮಗ ವ್ಯಾನಿನ ಬಳಿ ನಿಂತು ಕೇಳಿಸದವನ ಹಾಗೆ ಚಕ್ರ ನೋಡುತ್ತಿದ್ದ.

"ತೆಂಗಿನ್ಕಾಯಿ. ನಾನ್ ಗಂಡಂಗೆ ವಡೆ ಇಲ್ದೆ ಎಡೆ ಹಾಕ್ದೆ, ನಿಮ್ಮ ತೆಂಗಿನ್ಕಾಯಿಗೆ."

ಅವರು ಎಡಗೈಯಲ್ಲಿ ಮೊಬೈಲು ತೆಗೆದು, ಒತ್ತಲು ಬಾರದೆ ಜಗಲಿಯ ಮೂಲೆಯಲ್ಲಿ ದೂರ ಕೂತಿದ್ದ ಸೊಸೆಯ ಮುಂದೆ ಇಟ್ಟು ಒತ್ತಿಸಿದರು. ಫೋನು ಎತ್ತಿದ್ದು ಆಚೆ ಮನೆ ಸೊಸೆ.

"ಹ್ವಾಯ್, ನಿನ್ ತಪ್ಪಲ್ಲ ಅಂಬ್ರ್ ಮಗಾ. ನಿನ್ ದೊಡ್ಡತ್ತೆ ನನ್ ಎದ್ರಿಗೇ ನಿಂತಿದ್ರ್. ಬಪ್ಪ ವರ್ಷ ನೀನ್ ಬರ್ಕಂಡ್ರೆ ಮಾತ್ರ ನಿಮ್ಮೋರ್ ಬರ್ಲಿ, ಮತ್ಯಾರ್ ಬರ್ಕಂಡ್ರೂ ಬ್ಯಾಡ."

ಆ ಕಡೆಯಿಂದ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಕಾಫಿ ಕುಡಿದು ಹೋಗಿ ಎಂದು ಅವರು ಹೇಳಲಿಲ್ಲ, ನಾನು ಕಾಯಲೂ ಇಲ್ಲ. ಅವರ ಕೈಗೆ ಏನು ಮಾಡಬಹುದು ಎಂದು ಕೇಳಬೇಕಿತ್ತು. ವ್ಯಾನು ಹೊರಟು ತಿರುವು ದಾಟಿದ ಮೇಲೆ ನೆನಪಾಯಿತು.

ಆಚೆ ಮನೆ ಸೊಸೆ ಮರುದಿನ ಬಂದಳು. ನನ್ನ ಸೊಸೆಯೂ ಅವಳೂ ಮೊದಲ ಹಾಗೆ ಒಂದೇ ಪರದೆಗೆ ತಲೆ ಹಾಕಿ ಕೂತರು, ನಕ್ಕದ್ದೂ ಕೇಳಿಸಿತು. ಅಡುಗೆಯವರಿಗೆಲ್ಲ ಮಗನೇ ಹೇಳಿದ್ದಾನೆ, ಅವಳ ತಪ್ಪಲ್ಲ, ಅಮ್ಮನದ್ದು ಎಂದು. ಈಗ ಪಾತ್ರೆ ತುಂಬಲು ಬಂದವರು ಮತ್ತೆ ಶೆಡ್ಡಿನ ಕಡೆ ತಿರುಗಿಸಿದ ಕ್ಯಾಮರಾ ಕಂಡರೆ ನನ್ನ ಕಡೆ ನೋಡುತ್ತಾರೆ. ನೋಡಲಿ.

ನಾನು ಕಾಫಿ ಒಯ್ದೆ. ಮೊದಲಾದರೆ ಕಾಫಿ ಒಯ್ಯುವವಳು ನಾನಲ್ಲ. ಅವಳು ಪರದೆಯಿಂದ ಕಣ್ಣು ತೆಗೆಯದೆ, ಅಲ್ಲಿಡಿ ದೊಡ್ಡತ್ತೆ ಎಂದಳು. ಇಟ್ಟೆ. ಹೋಗಲು ತಿರುಗಿದಾಗ ಅವಳು ಮೆಲ್ಲಗೆ, ಅತ್ತೆಯ ಚಿತ್ರದ ವಿಷಯ ನಾನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ, ಹೇಳುವುದಿದ್ದರೆ ನೀವೇ ಹೇಳಬೇಕು ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಅಷ್ಟು ಹೇಳಿ ಕೆಲಸಕ್ಕೆ ಹೋದಳು.

ಶಂಕರನಾರಾಯಣದ ಅಂಗಳದಲ್ಲಿ ಹೊರಗಿನವರ ಮುಂದೆ ಹೇಳಿ ಬಂದವಳಿಗೆ ಒಂದು ಗೋಡೆಯಾಚೆ ಹೋಗಿ ಹೇಳುವುದು ಕಷ್ಟವಾಗಬಾರದು. ಎರಡು ಸಲ ಅವರ ಮೆಟ್ಟಿಲಿನವರೆಗೆ ಹೋಗಿದ್ದೇನೆ. ಒಂದು ಸಲ ಹುಳಿಗೆ ಬೇಕೆಂದು ಕರಿಬೇವು ಕೇಳಿದೆ. ಇನ್ನೊಂದು ಸಲ ಏನೂ ಕೇಳದೆ ನಿಂತೆ. ಏನು ಎಂದು ಓರಗಿತ್ತಿ ಕೇಳಿದಳು, ಎಂದಿನಂತೆ ಸೀರೆಯ ಅಂಚನ್ನು ಕಾಲಿನ ಮೇಲೆ ಎಳೆದುಕೊಂಡಳು. ಏನಿಲ್ಲ ಎಂದು ಬಂದುಬಿಟ್ಟೆ.